‘ಬತ್ತೀನಿ’ ಸಿನಿಮಾಕ್ಕೆ ದೊಡ್ಡವ್ವನ ಅಭಿಪ್ರಾಯ

ಹ್ಯಾಂಡ್‌ಪೋಸ್ಟ್,
೩ ನವೆಂಬರ್ ೨೦೨೫, ಸೋಮವಾರ

ಮಗಳೇ ಸಂಘಮಿತ್ರ,

ನನ್ನ ಕೈಗೆ ಪೆನ್ನು ಹಿಡಿಸಿದ್ದೀಯಲ್ಲ, ನಿನಗೇನಾದರೂ ಬುದ್ಧಿ ಇದೆಯಾ? ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಸಾಕಿ ಬಂದವಳು ನಾನು. ಆಮೇಲೆ ನಾನು ಬರೆದದ್ದೆಂದರೆ ಹೋಟೆಲು ಮುಂದಿನ ಹಲಗೆಯ ಮೇಲೆ ‘ಇಡ್ಲಿ ಖಾಲಿ’ ಅಂತ, ಅಷ್ಟೇ. ಅದನ್ನು ಓದಿದವರು ತೆಪ್ಪಗೆ ಹೋಗುತ್ತಾರೆ. ನಿನಗೆ ಮಾತ್ರ ಹಾಳೆಗಟ್ಟಲೆ ಬೇಕು. ಬಾಯಲ್ಲಿ ಹೇಳಿದ್ದರೆ ಒಂದು ಲೋಟ ಟೀ ಆರುವಷ್ಟರಲ್ಲಿ ಮುಗಿಯುತ್ತಿತ್ತು. ಆದರೆ ನೀನು ಫೋನು ಎತ್ತಬೇಕಲ್ಲ! ದಸರಾ ಕಳೆದ ಮೇಲೆ ನಿನ್ನ ದನಿಯನ್ನೇ ನಾನು ಕೇಳಿಲ್ಲ. ಬರುವುದೆಲ್ಲ ಮೆಸೇಜು. ‘ದೊಡ್ಡವ್ವ, ಸಿನಿಮಾ ನೋಡಿದೋರು ಏನೇನಂದ್ರು ಪೇಪರ್ ಮೇಲೆ ಬರೆದು ಕಳ್ಸು, ಒಳ್ಳೇದೂ ಬೇಕು ಕೆಟ್ಟದ್ದೂ ಬೇಕು, ಯಾರೂ ಇಲ್ಲಿಗೆ ಬರ್ಬೇಡಿ, ಕೆಲ್ಸ ಅದೆ.’ ಇದೇನು ದೊಡ್ಡವ್ವನ ಹತ್ತಿರ ಮಾತಾಡುವ ರೀತಿಯೋ, ಗ್ಯಾಸ್ ಏಜೆನ್ಸಿಯವರದೋ?

ತಡವಾಯಿತು. ‘ಕ್ಷಮಿಸು ಅಂತ ಹಾಕಿ ಅಕ್ಕ, ಕಾಗದದಲ್ಲಿ ಅಂಗೇ ಹಾಕೋದು’ ಅಂತ ರಾಣಿ ಇಡ್ಲಿ ತಟ್ಟೆ ಉಜ್ಜುತ್ತಾ ಹೇಳುತ್ತಿದ್ದಾಳೆ. ಹಾಕಿದ್ದೇನೆ. ಕಾಗುಣಿತ ತಪ್ಪಿದ್ದರೆ ನುಂಗಿಕೋ.

ನೀನು ಕೇಳಿದ್ದನ್ನೆಲ್ಲ ಬರೆಯುತ್ತೇನೆ. ಆದರೆ ನನ್ನದೂ ಒಂದು ಪ್ರಶ್ನೆ ಇದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆವರೆಗೂ ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ತಾಳ್ಮೆ ನನಗಿಲ್ಲ. ನೀನು ಅಲ್ಲಿ ನೆಟ್ಟಗಿದ್ದೀಯಾ? ಪೆನ್‌ಡ್ರೈವ್ ಇಸಿದುಕೊಳ್ಳಲು ಮಾದೇಶ ಮೈಸೂರಿನ ನಿನ್ನ ರೂಮಿಗೆ ಬಂದರೆ, ಅರ್ಧ ಬಾಗಿಲು ತೆಗೆದು ಕೈ ಮಾತ್ರ ಹೊರಗೆ ಹಾಕಿದೆಯಂತೆ. ಕಿಟಕಿಗೆಲ್ಲ ಪೇಪರು ಅಂಟಿಸಿದ್ದೀಯಂತೆ. ‘ಎಡಿಟಿಂಗಿಗೆ ಕತ್ಲೆ ಬೇಕಲ್ವಾ’ ಅಂದೆಯಂತೆ. ಮಾದೇಶ ಮದುವೆ ವಿಡಿಯೋ ತೆಗೆಯುವವನು, ಅವನೂ ಎಡಿಟಿಂಗು ಮಾಡುತ್ತಾನೆ. ಅವನ ಅಂಗಡಿಯ ಕಿಟಕಿಗೆ ಪೇಪರಿಲ್ಲ.

ಈಗ ನಿನ್ನ ಸಿನಿಮಾಕ್ಕೆ ಬರುತ್ತೇನೆ.

ಕಳೆದ ಮಂಗಳವಾರ ಮಧ್ಯಾಹ್ನ, ಮುದ್ದೆ ಊಟದ ಗಿರಾಕಿಗಳು ಮುಗಿದ ಮೇಲೆ, ಮಾದೇಶ ನಮ್ಮ ಹೋಟೆಲಿನ ಗೋಡೆಗೆ ಬಿಳಿ ಪಂಚೆ ಬಿಗಿದು, ಪ್ರೊಜೆಕ್ಟರ್ ಇಟ್ಟು, ಶಟರ್ ಎಳೆದ. ಒಳಗೆ ಧಗೆ. ಬೆಂಚಿನ ಮೇಲೆ ನಾವೆಲ್ಲ ಒತ್ತಿಕೊಂಡು ಕೂತೆವು. ನೀನು ತೆಗೆದ ಕಥೆಯನ್ನು ನಿನಗೇ ಹೇಳುತ್ತೇನೆ, ನಮಗೆ ಅರ್ಥವಾದದ್ದು ಸರಿಯೋ ಇಲ್ಲವೋ ನೋಡಿಕೋ. ಬೀಚನಹಳ್ಳಿ ಡ್ಯಾಮಿನ ಪಕ್ಕ, ಜನ ಬಿಟ್ಟುಹೋದ ಕ್ವಾರ್ಟರ್ಸಿನಲ್ಲಿ ಒಬ್ಬ ಹೆಂಗಸು ಒಬ್ಬಳೇ ಇದ್ದಾಳೆ. ಕರೆಂಟಿನ ಮೀಟರು ನೋಡುವವನು ಬರುತ್ತಾನೆ, ಹೋಗುವಾಗ ‘ಬತ್ತೀನಿ ಕಣಮ್ಮ’ ಅನ್ನುತ್ತಾನೆ. ಸಿಲಿಂಡರಿನವನು ಬರುತ್ತಾನೆ, ಅವನೂ ‘ಬತ್ತೀನಿ’. ಆಶಾ ಕಾರ್ಯಕರ್ತೆಯೂ ‘ಬತ್ತೀನಿ’. ನಮ್ಮ ಕಡೆ ಎಲ್ಲರೂ ಅನ್ನುವುದು ಅದನ್ನೇ ತಾನೇ? ಆದರೆ ಆ ಹೆಂಗಸು ಅದನ್ನು ನಿಜ ಅಂದುಕೊಂಡು, ಪ್ರತಿಯೊಬ್ಬರಿಗೂ ಒಂದೊಂದು ಲೋಟ ಕಾಫಿ ಮಾಡಿಟ್ಟು ಕಾಯುತ್ತಾಳೆ. ಯಾರೂ ಬರುವುದಿಲ್ಲ. ಕಾಫಿ ಕೆನೆಗಟ್ಟುತ್ತದೆ. ಆಮೇಲೆ ಬಾಗಿಲು ತಟ್ಟುವ ಸದ್ದು ಶುರುವಾಗುತ್ತದೆ. ತೆಗೆದರೆ ಯಾರೂ ಇಲ್ಲ. ‘ಬತ್ತೀನಿ, ಬತ್ತೀನಿ’ ಅಂತ ಗೋಡೆಯೊಳಗಿಂದ ಅವಳದೇ ದನಿ. ಕೊನೆಗೆ ಅವಳು ಹೊಸ್ತಿಲಲ್ಲಿ ನಿಂತು, ಖಾಲಿ ಮನೆ ಕಡೆಗೆ ತಿರುಗಿ, ‘ಹೋಗ್ತೀನಿ’ ಅನ್ನುತ್ತಾಳೆ. ಪಂಚೆ ಕಪ್ಪಾಗುತ್ತದೆ. ಮುಗಿಯಿತು.

ಸರಿಯಾಗಿ ಆ ಬಾಗಿಲು ತಟ್ಟುವ ಜಾಗದಲ್ಲಿ ನಮ್ಮ ಶಟರಿನ ಮೇಲೆ ಯಾರೋ ದಬದಬ ಬಡಿದರು. ರಾಣಿ ಕಿರುಚಿಕೊಂಡು ನನ್ನ ಮೇಲೆ ಬಿದ್ದಳು. ಬಸ್ ಸ್ಟಾಂಡಿನ ಕಂಠಪ್ಪ ಬೆಂಚಿನ ಮೇಲೆ ಕಾಲೆತ್ತಿಕೊಂಡ. ಹೊರಗಿನಿಂದ ಒಬ್ಬ, ‘ಯಮ್ಮೋ, ಟೀ ಸಿಕ್ಕದಾ? ಶಟ್ರು ಯಾಕೆ ಎಳ್ದಿದ್ದೀರಿ, ಯಾರಾರ ಓಗ್ಬುಟ್ರಾ?’ ಅಂತ ಕೂಗಿದ. ‘ನೀನೇ ಓಗ್ತೀಯ ನೋಡು ಈಗ’ ಅಂತ ನಾನು ಸೌಟು ಹಿಡಿದು ಎದ್ದೆ. ಇಡೀ ಸಿನಿಮಾದಲ್ಲಿ ಜನ ಹೆದರಿದ್ದು ಅಷ್ಟು ಮಾತ್ರ. ಅದಕ್ಕೆ ನಿನ್ನ ಖರ್ಚು ಏನೂ ಇಲ್ಲ.

ಅಭಿಪ್ರಾಯ ಬರೆದುಕೋ. ಬಸ್ಸು ಹೋಗುವ ಊರುಗಳನ್ನು ಕೂಗಿ ಜನ ಹತ್ತಿಸುವ ಕಂಠಪ್ಪ: ‘ದೆವ್ವ ಎಲ್ಲವ್ವ? ಕೋಳಿನೇ ಆಕ್ದೆ ಕೋಳಿಸಾರು ಮಾಡವ್ಳೆ ನಿನ್ ಮಗ್ಳು. ದುಡ್ಡಿಲ್ದಿದ್ರೆ ಒಂದು ಬಿಳಿ ಸೀರೆನಾರ ಕೇಳ್ಬೌದಿತ್ತು, ನಮ್ಮನೆವಳ್ದು ಅದೆ, ಕೊಡ್ತಿದ್ದೆ.’ ಡ್ಯಾಮಿನ ಕೆಲಸದಿಂದ ರಿಟೈರ್ ಆದ ನಂಜಣ್ಣ: ‘ನಾನು ಸಂಸಾರ ಮಾಡಿದ ಕ್ವಾಟ್ರಸ್ಸು ಕಣಮ್ಮಿ ಅದು. ಒಂದು ದಿನಾನೂ ದೆವ್ವ ಬರ್ನಿಲ್ಲ. ನಮ್ಮೆಂಗಸ್ರು ಇದ್ಲಲ್ಲ, ಅದುಕ್ಕೂ ಜೀವಭಯ ಇರ್ತದೆ.’ ಕಾಡಂಚಿನ ಹಾಡಿಯಿಂದ ನಮಗೆ ಸೊಪ್ಪು ತಂದುಕೊಡುವ ಜವರಿ ಕೊನೆವರೆಗೂ ಕಣ್ಣು ಮಿಟುಕಿಸದೆ ನೋಡಿದಳು. ‘ಅದು ಪುನುಗು ಬೆಕ್ಕು ಕಣಕ್ಕ. ಸೂರಿನ ಮ್ಯಾಲೆ ಅಂಗೇ ಸದ್ದು ಮಾಡ್ತದೆ. ಆಯಮ್ಮ ಎದ್ದು ಒಂದು ಕಲ್ಲು ಬೀರಿದ್ರೆ ಪಿಚ್ಚರು ಆವಾಗ್ಲೇ ಮುಗ್ದೋಗದು’ ಅಂದಳು. ರಾಣಿ ಮಾತ್ರ ಮೂಗು ಒರೆಸಿಕೊಳ್ಳುತ್ತಾ, ‘ಅಷ್ಟೊಂದು ಕಾಫಿ ಇಟ್ಟಿದ್ಲಲ್ಲಕ್ಕ, ಒಬ್ರಾದ್ರೂ ಕುಡ್ಕೊಂಡು ಓಗ್ಬಾರ್ದಾಗಿತ್ತಾ?’ ಅಂದಳು.  ಅಲ್ಲಿ ಕೂತಿದ್ದವರೆಲ್ಲ ಒಂದೊಂದು ಸಲ ಯಾರದೋ ಮನೆಯಿಂದ ಹಾಗೆ ಕುಡಿಯದೆ ಎದ್ದು ಬಂದವರೇ.

ಒಂದು ವಿಷಯಕ್ಕೆ ಮಾತ್ರ ಎಲ್ಲರೂ ಒಂದಾದರು. ಕೊನೆಯ ಮಾತು ತಪ್ಪು ಅಂತ. ‘ಮನೆಯಿಂದ ಎದ್ದು ಹೊರಡೋರು ಯಾರಾದ್ರೂ ಓಗ್ತೀನಿ ಅಂತಾರಾ? ಪಾರ್ಟು ಮಾಡಿರೋ ಆ ಉಣಸೂರು ಉಡ್ಗಿ ತಪ್ಪಾಗಿ ಅಂದ್ಬುಟ್ಟವ್ಳೆ, ತೆಗ್ಸಾಕು ಅನ್ನಿ’ ಅಂತ ಕಂಠಪ್ಪ. ನಂಜಣ್ಣನ ಹೆಂಡತಿಯ ತವರು ಹುಣಸೂರು. ‘ಯಾಕಲಾ, ಉಣಸೂರೋರ್ಗೆ ಮಾತು ಬರಕಿಲ್ವಾ?’ ಅಂತ ಅವನು ಎಗರಿದ. ಅದೇ ಜಗಳದಲ್ಲಿ ಸಭೆ ಮುಗಿಯಿತು. ನಾನು ಬಾಯಿ ಬಿಡಲಿಲ್ಲ. ನಾನು ಬಾಯಿ ಬಿಡದೆ ಕೂತದ್ದನ್ನು ಈ ಜನ ಯಾವತ್ತೂ ಕಂಡಿಲ್ಲವಲ್ಲ, ಅದನ್ನೇ ಅವರು ತಪ್ಪಾಗಿ ತಿಳಿದುಕೊಂಡರು.

ಆ ಸಿನಿಮಾದ ಹೆಂಗಸು ನಾನಂತೆ! ಗಂಡ ಸತ್ತವಳು, ಮಕ್ಕಳಿಲ್ಲದವಳು, ಲೋಟ ಇಟ್ಟುಕೊಂಡು ಕೂರುವವಳು ಈ ಹ್ಯಾಂಡ್‌ಪೋಸ್ಟಿನಲ್ಲಿ ಇನ್ಯಾರು ಅಂತ. ಅವತ್ತಿನಿಂದ ನನಗೆ ಹಿಡಿದಿರುವ ಶನಿ ಕೇಳು. ಕಂಠಪ್ಪನ ಹೆಂಡತಿ ಹುರುಳಿಕಾಳು ಸಾರು ತಂದುಕೊಟ್ಟಳು. ಹೋಟೆಲು ನಡೆಸುವವಳಿಗೆ ಸಾರು! ನಂಜಣ್ಣ ಬೆಳಗ್ಗೆ ಬಂದು ಸುಮ್ಮನೆ ಬೆಂಚಿನ ಮೇಲೆ ಕೂರುತ್ತಾನೆ. ಯಾಕೋ ಅಂದರೆ ‘ಜೊತೆಗಿರನಾ ಅಂತ’ ಅನ್ನುತ್ತಾನೆ. ಎಲ್ಲಕ್ಕಿಂತ ಹಿಂಸೆ ಏನು ಗೊತ್ತಾ? ಯಾರೂ ನನ್ನ ಮುಂದೆ ನೆಟ್ಟಗೆ ‘ಬತ್ತೀನಿ’ ಅನ್ನುತ್ತಿಲ್ಲ. ಟೀ ಕುಡಿದು ಏಳುತ್ತಾರೆ, ಬಾಗಿಲವರೆಗೆ ಹೋಗುತ್ತಾರೆ, ಕೆಮ್ಮುತ್ತಾರೆ, ತಲೆ ಕೆರೆದುಕೊಳ್ಳುತ್ತಾರೆ, ನಿಂತುಕೊಳ್ಳುತ್ತಾರೆ. ನಿನ್ನೆ ಒಬ್ಬ ಡ್ರೈವರು, ‘ಬತ್ತೀನಿ ಕಣಕ್ಕ, ಆದ್ರೆ ನೀವು ಕಾಯ್ಬೇಡಿ, ನಂಗೆ ಕೇರಳಕ್ಕೆ ಟ್ರಿಪ್ಪು ಅದೆ’ ಅಂದ. ತಟ್ಟೆಯನ್ನು ಅವನ ಬೆನ್ನಿಗೆ ಎಸೆದೆ. ನಾನು ಒಂಟಿಯಂತೆ! ಬೆಳಗಾದರೆ ಸಾಕು, ಈ ಸರ್ಕಲ್ಲಿನ ಬಾಯಿಗಳೆಲ್ಲ ನನ್ನ ಕಿವಿಯಲ್ಲೇ ಇರುತ್ತವೆ. ಒಂದೇ ಒಂದು ದಿನ ಒಂಟಿಯಾಗಿ ಬಿಟ್ಟರೆ ದೇವರಿಗೆ ಈಡುಗಾಯಿ ಒಡೆಸುತ್ತೇನೆ.

ಇಷ್ಟು ಅವರ ಅಭಿಪ್ರಾಯ. ಈಗ ನನ್ನದು.

ಆ ಹೆಂಗಸು ಕಾಫಿ ಕುಡಿದ ಮೇಲೆ ಲೋಟವನ್ನು ಬೋರಲು ಹಾಕಿ, ತಳದ ಮೇಲೆ ಬೆರಳಿನಿಂದ ಟಕ್ ಟಕ್ ಅಂತ ತಟ್ಟುತ್ತಾಳೆ. ಮಾದೇಶನೂ ನೋಡಿದ, ಕಂಠಪ್ಪನೂ ನೋಡಿದ, ಯಾರಿಗೂ ಅದು ಏನೂ ಅನ್ನಿಸಲಿಲ್ಲ. ನನಗೆ ಆ ಸದ್ದು ಗೊತ್ತು. ನೀನು ಚಿಕ್ಕವಳಿದ್ದಾಗ ಹಾಲು ಕುಡಿಯದೆ ಸಾಯಿಸುತ್ತಿದ್ದೆ. ನಿಮ್ಮವ್ವ, ನನ್ನ ತಂಗಿ ಲಕ್ಷ್ಮಿದೇವಿ, ಒಲೆ ಮುಂದಿನಿಂದ ತಿರುಗಿ ನೋಡದೆಯೇ ‘ಕುಡುದ್ಯಾ?’ ಅನ್ನುತ್ತಿದ್ದಳು. ನೀನು ಲೋಟ ಬೋರಲು ಹಾಕಿ ತಟ್ಟಿ ತೋರಿಸುತ್ತಿದ್ದೆ. ಅವಳು ಒಲೆಯ ಕಡೆಯಿಂದ ಸೌಟಿನಲ್ಲಿ ಹಾಗೇ ಎರಡು ಸಲ ತಟ್ಟುತ್ತಿದ್ದಳು. ಪಿರಿಯಾಪಟ್ಟಣದ ಆ ಅಡುಗೆಮನೆ ಬಿಟ್ಟರೆ ಲೋಕದಲ್ಲಿ ಇನ್ನೆಲ್ಲೂ ಆ ಸದ್ದು ಇರಲಿಲ್ಲ. ಸಿನಿಮಾದಲ್ಲಿ ಅವಳು ತಟ್ಟಿ, ಕಿವಿ ಕೊಟ್ಟು ಕೂರುತ್ತಾಳೆ. ಆ ಕಡೆಯಿಂದ ಯಾರೂ ತಟ್ಟುವುದಿಲ್ಲ. ಪುನುಗು ಬೆಕ್ಕೂ ತಟ್ಟುವುದಿಲ್ಲ.

ಆ ಹೆಂಗಸು ನಾನಲ್ಲ ಕಣೇ. ನೀನು.

ಇನ್ನೊಂದು. ಕೊನೆಯ ಮಾತು ಆ ಹುಣಸೂರು ಹುಡುಗಿ ರೇಣುಕಾ ತಪ್ಪಾಗಿ ಅಂದದ್ದಲ್ಲ. ಆ ಶೂಟಿಂಗಿನ ದಿನ ನಿಮಗೆ ಇಡ್ಲಿ ಹೊತ್ತುಕೊಂಡು ಬೀಚನಹಳ್ಳಿಗೆ ಬಂದವಳು ನಾನು, ಗೋಡೆ ಪಕ್ಕದಲ್ಲೇ ನಿಂತಿದ್ದೆ. ಅವಳು ಒಳ್ಳೆಯ ಮನೆಯ ಹುಡುಗಿ, ‘ಮೇಡಂ, ಬತ್ತೀನಿ ಅಲ್ವಾ? ಓಗ್ತೀನಿ ಅಂದ್ರೆ ನಮ್ಮವ್ವ ಬಾಯ್ಮೇಲೆ ಒಡೀತಾರೆ’ ಅಂದಳು. ನೀನು ಕ್ಯಾಮೆರಾದಿಂದ ಕಣ್ಣು ತೆಗೆಯದೆ, ‘ಓಗ್ತೀನಿ ಅಂತ್ಲೇ ಅನ್ನು. ಬರಾಕಿಲ್ಲ ಅವ್ಳು’ ಅಂದೆ. ಆಗ ನಾನು, ಕಥೆಯಲ್ಲವಾ, ಹಾಳಾಗಲಿ ಅಂದುಕೊಂಡು ಚಟ್ನಿ ಬಡಿಸಿದೆ.

ಸಿನಿಮಾ ಚೆನ್ನಾಗಿದೆಯೋ ಇಲ್ಲವೋ ನನಗೆ ಗೊತ್ತಾಗುವುದಿಲ್ಲ. ಕತ್ತಲೆ ಜಾಸ್ತಿ. ಮಾತು ಕಡಿಮೆ. ಆ ಮನೆಯಲ್ಲಿ ಒಂದು ಒಗ್ಗರಣೆಯ ಸದ್ದೂ ಇಲ್ಲ. ಅವಳು ನಿಂತುಕೊಂಡೇ ಪಾತ್ರೆಯಿಂದ ಅನ್ನ ತಿನ್ನುವುದನ್ನು ಎಷ್ಟು ಹೊತ್ತು ತೋರಿಸುತ್ತೀ? ನನಗೆ ಎದ್ದು ಹೋಗಿ ಒಂದು ಮಣೆ ಹಾಕಿ ಕೂರಿಸೋಣ ಅನ್ನಿಸಿತು. ಇದೇ ನನ್ನ ಅಭಿಪ್ರಾಯ. ಎಲ್ಲಿ ಬೇಕಾದರೂ ಓದಿ ತೋರಿಸಿಕೋ.

ನಿನಗೆ ಒಳ್ಳೆಯದಾಗಲಿ. ಹೊಟ್ಟೆ ತುಂಬ ಉಣ್ಣು, ಕೂತು ಉಣ್ಣು. ಕಿಟಕಿಯ ಪೇಪರು ಕಿತ್ತುಹಾಕು. ನಿಮ್ಮವ್ವನ ಪುಣ್ಯವೂ ನನ್ನ ಬೈಗುಳವೂ ನಿನ್ನ ಬೆನ್ನಿಗಿರಲಿ.

ಇಂತಿ ನಿನ್ನ ದೊಡ್ಡವ್ವ,
ಪುಟ್ಟಸಿದ್ದಮ್ಮ

ತಾ.ಕ.: ಕವರು ಅಂಟಿಸಿಯಾಗಿತ್ತು. ‘ಎಲ್ಲಾ ಬರ್ದ್ರಾ ಅಕ್ಕ?’ ಅಂತ ರಾಣಿ ಕೇಳಿದಳು. ಬರೆದಿರಲಿಲ್ಲ. ಕಿತ್ತು ಮತ್ತೆ ಬರೆಯುತ್ತಿದ್ದೇನೆ.

ಶೂಟಿಂಗು ಮುಗಿಸಿ ನೀನು ಮೈಸೂರಿಗೆ ಹೊರಟ ದಿನ, ನಮ್ಮ ಹೋಟೆಲಿನ ಮುಂದೆಯೇ ಬಸ್ಸು ನಿಂತಿತ್ತು. ನನ್ನ ಕೈಯೆಲ್ಲ ಬೋಂಡದ ಹಿಟ್ಟು. ನೀನು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ತಿರುಗಿ, ‘ಹೋಗ್ತೀನಿ ದೊಡ್ಡವ್ವ’ ಅಂದೆ. ‘ಬತ್ತೀನಿ ಅನ್ನೇ ಮುಂಡೇದೇ’ ಅಂತ ನಾನು ಕಿರುಚಿದೆ. ನೀನು ನಕ್ಕೆ. ಕಂಡಕ್ಟರು ಸೀಟಿ ಊದಿದ. ಬಸ್ಸು ಹೋಯಿತು. ನೀನು ಅನ್ನಲಿಲ್ಲ.

ಪಟ್ಟಣದ ಮಾತು ಅಂದುಕೊಂಡು ಸುಮ್ಮನಿದ್ದೆ. ಮಂಗಳವಾರ ಆ ಪಂಚೆಯ ಮೇಲೆ ಅದೇ ಮಾತು ಕೇಳಿದಾಗ ಎಲ್ಲರೂ ನಟಿಯ ತಪ್ಪು ಅಂತ ಜಗಳವಾಡಿದರು. ನನ್ನ ಕೈಗೆ ಮತ್ತೆ ಹಿಟ್ಟು ಮೆತ್ತಿಕೊಂಡ ಹಾಗಾಯಿತು, ಇವತ್ತಿಗೂ ತೊಳೆದರೆ ಹೋಗುತ್ತಿಲ್ಲ. ನಮ್ಮಲ್ಲಿ ಹೋಗುವವರು ಒಂದೇ ಸಲ ಹೋಗುವುದು, ನಿಮ್ಮವ್ವ ಹೋದ ಹಾಗೆ. ಉಳಿದವರೆಲ್ಲ ಬರುವವರು. ಕ್ಯಾಮೆರಾ ಹಿಡಿದಿದ್ದೀಯ ಅಂತ ನಿನಗೆ ಬೇರೆ ಕಾನೂನು ಇಲ್ಲ.

ಬರಬೇಡಿ ಅಂದಿದ್ದೀಯ, ಅದಕ್ಕೆ ಈ ಕಾಗದ. ನನಗೆ ನಿನ್ನ ಸಿನಿಮಾದ ಹೆಂಗಸಿನ ಹಾಗೆ ಕಾಯಲು ಬರುವುದಿಲ್ಲ. ನಿನ್ನ ಬಾಯಿಂದ ‘ಬತ್ತೀನಿ’ ಅಂತ ಕೇಳಬೇಕು. ಫೋನಿನಲ್ಲಾದರೂ ಸರಿ, ಬಾಗಿಲಲ್ಲಿ ನಿಂತಾದರೂ ಸರಿ, ಮೆಸೇಜು ಬೇಡ. ಇಲ್ಲದಿದ್ದರೆ ಹದಿನೈದನೇ ತಾರೀಕು ಶನಿವಾರ ಹೋಟೆಲಿನ ಹಲಗೆಯ ಮೇಲೆ ‘ಇಡ್ಲಿ ಖಾಲಿ’ ಅಂತ ಬರೆದಿಟ್ಟು ಮೊದಲನೇ ಬಸ್ಸಿಗೆ ಬರುತ್ತೇನೆ. ನಾನು ಬಾಗಿಲು ತಟ್ಟುವುದು ಬೆಕ್ಕಿನ ಹಾಗಿರುವುದಿಲ್ಲ.

ಹದಿನಾಲ್ಕನೇ ತಾರೀಕು, ಶುಕ್ರವಾರದೊಳಗೆ ಉತ್ತರ ಕೊಡು.