ಹುಳ ತಿಂದ ಕೋಟು

ಅಕ್ಟೋಬರ್ 6

ಹುಳಗಳು ಮುಷ್ಕರ ಹೂಡಿವೆ. ಗುಜರಿ ಸ್ವೆಟರುಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ, ಉಣ್ಣೆ ತಿನ್ನುವ ಹುಳ ಬಿಟ್ಟು ಎಷ್ಟು ದಿನವಾಯಿತು — ಒಂದು ತೂತಿಲ್ಲ. ಕಡ್ಡಿ ಗೀರಿ ನೋಡಿದೆ. ನೂಲು ಕರಗಿ ಮಣಿಯಾಯಿತು. ಪ್ಲಾಸ್ಟಿಕ್! ಅಪ್ಪಟ ಉಣ್ಣೆಯೇ ಬೇಕು, ಮಹಾರಾಣಿಯರಿಗೆ. ನನ್ನ ಕಲೆಕ್ಷನ್ನಿನ ಹೆಸರೇ ‘ಹುಳ ತಿಂದ ಎಲೆ’. ಕತ್ತರಿ ಹಾಕಿದರೆ ಕತ್ತರಿಯ ತೂತಾಗುತ್ತದೆ, ಎಲೆಯದಲ್ಲ. ಫ್ಯಾಷನ್ ಶೋ ಜನವರಿಯಲ್ಲಿ.

ಅಕ್ಟೋಬರ್ 9

ಆಸ್ಪತ್ರೆ. ಮಿದುಳಿನ ಆಪರೇಷನ್ ಆದಮೇಲೆ ಅಕ್ಕ ಕಣ್ಣು ಬಿಟ್ಟಿಲ್ಲ. “ಕೈ ಹಿಡ್ಕೊಳ್ಳೇ, ಅವಳಿಗೆ ಗೊತ್ತಾಗುತ್ತೆ” ಅಂದಳು ಅಮ್ಮ. ಹಿಡಿದೆ. ಮನಸ್ಸು ಅವಳ ಬೀರುವಿನಲ್ಲಿತ್ತು. ಕಂದು ಬಣ್ಣದ ಉದ್ದ ಕೋಟು. ಪೂರ್ತಿ ಉಣ್ಣೆ.

ಹುಟ್ಟಿದಾಗಿನಿಂದ ನಾನು ತೊಟ್ಟದ್ದೆಲ್ಲ ಅಕ್ಕನ ಹಳೆಯದು. ಫ್ರಾಕು, ಶೂ, ಸ್ಕೂಲ್ ಬ್ಯಾಗು... ರೀಸೈಕ್ಲಿಂಗ್ ಬಗ್ಗೆ ನನಗೆ ಯಾರೂ ಪಾಠ ಹೇಳಬೇಕಿಲ್ಲ. ಆ ಕೋಟೊಂದೇ ಕೈಗೆ ಬರಲಿಲ್ಲ. ಕೇಳಿದಾಗಲೆಲ್ಲ ನಗುತ್ತಿದ್ದಳು: “ನಾನು ಸತ್ಮೇಲೆ ತಗೊಳ್ಳೇ, ಕೋತಿ.”

ಅಕ್ಟೋಬರ್ 14, ಬೆಳಿಗ್ಗೆ

ಅಮ್ಮನ ಫೋನು. ಅಕ್ಕ ಕಣ್ಣು ಬಿಟ್ಟಳಂತೆ. ನೀರು ಕೇಳಿದಳಂತೆ. ಅಮ್ಮ ಅತ್ತಳು. ನಾನೂ ಅತ್ತೆ — ನಿಜವಾಗಿಯೂ.

ಅದೇ ದಿನ, ಮಧ್ಯಾಹ್ನ

ಕೋಟನ್ನು ಪೆಟ್ಟಿಗೆಗೆ ಹಾಕಿದೆ. ಅವಳು ಮನೆಗೆ ಬಂದರೆ ಇನ್ನು ಸಿಗುವುದಿಲ್ಲ.

ಡಿಸೆಂಬರ್ 2

ಅಕ್ಕ ಬಂದಳು. ಎಲುಬಿನ ಹಂದರ, ಬೋಳು ತಲೆ. ಬಂದವಳೇ, “ಚಳಿ ಕಣೇ. ನನ್ನ ಕೋಟೆಲ್ಲಿ?” ಡ್ರೈಕ್ಲೀನಿಂಗಿಗೆ ಕೊಟ್ಟಿದ್ದೇನೆ ಅಂದೆ. ಎಲುಬಿಲ್ಲದ ನಾಲಿಗೆ.

ಡಿಸೆಂಬರ್ 20

ಮತ್ತೆ ಕೇಳಿದಳು. ಡ್ರೈಕ್ಲೀನಿಂಗ್‌ನವನಿಗೆ ಬಾಯಿಗೆ ಬಂದಂತೆ ಬೈದೆ, ಅವಳ ಎದುರಿಗೇ. ಅಮ್ಮ ತನ್ನ ಶಾಲು ಹೊದಿಸಿದಳು. ಪೆಟ್ಟಿಗೆಯಲ್ಲಿ ಹುಳಗಳು ಬರಗೆಟ್ಟವರಂತೆ ತಿನ್ನುತ್ತಿವೆ. ಎಂಥ ಕೆಲಸಗಾರರು!

ಜನವರಿ 11

ಸಿಕ್ಕಿಬಿದ್ದೆ. ಕೋಟನ್ನು ಫ್ರೀಜರಿನಲ್ಲಿಟ್ಟು ಹುಳ ಕೊಂದು, ಬೊಂಬೆಗೆ ತೊಡಿಸಿದ್ದೆ. ಬಾಗಿಲು ಹಾಕಲು ಮರೆತೆ. ಅಕ್ಕ ಗೋಡೆ ಹಿಡಿದುಕೊಂಡು ಬಂದಳು. ತೂತೊಂದರಲ್ಲಿ ಬೆರಳು ತೂರಿಸಿದಳು.

“ಯಾವಾಗ ಹುಳಕ್ಕೆ ಹಾಕ್ದೆ? ನಾನು ಕಣ್ಣು ಬಿಡೋಕ್ ಮುಂಚೇನಾ, ಆಮೇಲಾ?”

“ಮುಂಚೆ.”

“ಹಾಗಾದ್ರೆ ಬಿಡು. ಇವಳು ಹೋದ್ಲು ಅಂದ್ಕೊಂಡಿರ್ತೀಯ, ಪಾಪ.” ನನ್ನ ತಲೆ ಸವರಿದಳು.

ಅಷ್ಟಕ್ಕೇ ಬಿಡಬೇಕಿತ್ತು. ಕಿಟಕಿಯ ಬೆಳಕಿನಲ್ಲಿ ಅವಳ ಕೊರಳಿನ ಎಲುಬು ಕಂಡಿತು. ಯಾವ ಮಾಡೆಲ್ಲಿಗಿದೆ ಅದು?

“ಅಕ್ಕಾ, ಇದನ್ನ ಹಾಕ್ಕೊಂಡು ಶೋನಲ್ಲಿ ನೀನೇ ನಡೀತೀಯಾ?”

ಜನವರಿ 24

ನಡೆದಳು. ಶೋ ಹಾಲ್‌ನಲ್ಲಿ ಎಸಿ. ಒಳಗೆ ತೆಳ್ಳನೆಯ ಸ್ಲಿಪ್ ಮಾತ್ರ — ತೂತುಗಳಲ್ಲಿ ಚರ್ಮ ಕಾಣಬೇಕಲ್ಲ. ಗಡಗಡ ನಡುಗುತ್ತಿದ್ದಳು. ಒಣಗಿದೆಲೆ ಅಂದರೆ ಒಣಗಿದೆಲೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಶೋ ಡೈರೆಕ್ಟರ್ ಓಡಿಬಂದ: “ಆ ನಡುಕ ಎಷ್ಟು ಚೆನ್ನಾಗಿ ಕಲಿಸಿದ್ದೀರಿ ಮೇಡಂ! ಇಂಥದೇ ಇನ್ನೊಂದು ಪೀಸ್ ಬೇಕೇಬೇಕು.” ಥ್ಯಾಂಕ್ಸ್ ಅಂದೆ.

ಜನವರಿ 27

ನ್ಯುಮೋನಿಯಾ. ಅದೇ ವಾರ್ಡು. ಅಮ್ಮ ನನ್ನ ಮುಖ ನೋಡುತ್ತಿಲ್ಲ. ಬಾಯಿಗೆ ನಳಿಗೆ ಹಾಕುವ ಮುಂಚೆ ಅಕ್ಕನೇ ಹತ್ತಿರ ಕರೆದಳು. “ಬೀರುವಲ್ಲಿ ಬೂದು ಸ್ವೆಟರಿದೆ. ಅಪ್ಪಟ ಉಣ್ಣೆ... ಈ ಸಲವಾದ್ರೂ ಕಾಯಿ, ಕೋತಿ.”

ಈ ಸಲವಾದರೂ. ನನ್ನ ‘ಮುಂಚೆ’ ಸುಳ್ಳೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ನಡೆದಳು.

ಜನವರಿ 28

ಕಾದೆ. ಮಧ್ಯಾಹ್ನದವರೆಗೆ ಕಾದೆ. ಸ್ವೆಟರು ಮಡಿಲಲ್ಲಿದೆ, ಅವಳ ಸೋಪಿನ ವಾಸನೆ. ಫೋನು ಬಡಿದುಕೊಳ್ಳುತ್ತಿದೆ. ಅಮ್ಮನದು. ಎತ್ತಿದರೆ ಮುಂಚೆಯೋ ಆಮೇಲೋ ಗೊತ್ತಾಗಿಬಿಡುತ್ತದೆ. ಮೊದಲು ಇದನ್ನು ಪೆಟ್ಟಿಗೆಗೆ ಹಾಕಿಬಿಡುತ್ತೇನೆ.