ತುಂಬದೆ ಉಳಿದ ಒಂದು ಪದ

ಮಾರ್ಚ್ ೧೪, ಗುರುವಾರ.

ನಮ್ಮ ನಿಘಂಟಿನ ಜಾಲತಾಣದಲ್ಲಿ ಪರಿಶೀಲಕರ ಹೆಸರಿಲ್ಲದ ಕಡೆಯೆಲ್ಲ ನನ್ನ ಹೆಸರನ್ನು ತುಂಬಲು ಮೊಮ್ಮಗಳು ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆಯ ??= ಚಿಹ್ನೆಯನ್ನು ಬಳಸಿದಳು; ಯಾರೂ ಏನನ್ನೂ ದಾಖಲಿಸಿರದ ಕಡೆ ಮಾತ್ರ ಅದು ತುಂಬುತ್ತದಂತೆ. ಒಂದು ಪದದ ಮುಂದೆ ಮಾತ್ರ ತುಂಬಲಿಲ್ಲ.

“ತಾತ, ಇಲ್ಲಿ ಯಾರೋ ಬೇಕಂತ್ಲೇ ಖಾಲಿ ಇಟ್ಟು ಸೇವ್ ಮಾಡಿದಾರೆ. ಇದಕ್ಕೆ ಅದೂ ಏನೋ ಬರೆದ ಹಾಗೇ, ಮುಟ್ಟಲ್ಲ.”

ಹಾಗೆ ಖಾಲಿ ಇಡುತ್ತಿದ್ದವನು ನನ್ನ ಜೊತೆ ಪದಗಳನ್ನು ಪರಿಶೀಲಿಸುತ್ತಿದ್ದ ತಮ್ಮನೊಬ್ಬನೇ. “ಅರ್ಥ ಸರಿಯಿದ್ರೆ ಸಾಕಣ್ಣ, ಹೆಸರ್ಯಾಕೆ?” ಎನ್ನುತ್ತಿದ್ದ. ಅವನು ತೀರಿಕೊಂಡು ಎರಡು ವರ್ಷಗಳಾದವು. ಆ ಪದವನ್ನು ನಾನು ಸೇರಿಸಿದ್ದು ಮೊನ್ನೆ ಸೋಮವಾರ. ಅದರ ಅರ್ಥದಲ್ಲಿ ನಾನು ಮಾಡಿದ್ದ ತಪ್ಪನ್ನು ಯಾರೋ ತಿದ್ದಿಯೂ ಇದ್ದಾರೆ.

“||= ಹಾಕಿದ್ರೆ ಈ ಖಾಲಿನೂ ಹೋಗಿ ನಿಮ್ಮ ಹೆಸರೇ ಬರತ್ತೆ. ಹಾಕ್ಲಾ?”

ಬೇಡವೆಂದೆ. ನಿಘಂಟಿನ ಕೆಲಸದ ಐವತ್ತು ವರ್ಷಗಳಲ್ಲಿ ಮೊದಲ ಬಾರಿಗೆ, ಈಗಷ್ಟೇ ಇನ್ನೊಂದು ಪದಕ್ಕೆ ತಿಳಿದೂ ತಿಳಿದೂ ತಪ್ಪು ಅರ್ಥವನ್ನು ಬರೆದಿಟ್ಟು ಬಂದಿದ್ದೇನೆ. ಬೆಳಗ್ಗೆ ಅದು ಹಾಗೆಯೇ ಇದ್ದರೆ ನಾನೇ ತಿದ್ದುತ್ತೇನೆ; ತಿದ್ದಿದ್ದರೆ, ಹೆಸರಿನ ಜಾಗ ಖಾಲಿಯಿದೆಯೇ ಎಂದು ನೋಡುತ್ತೇನೆ.