ಅರ್ಧಕ್ಕೆ ಬಿಟ್ಟ ಜಡೆ

ರೀ,

ಬಹಳ ಗಂಭೀರ ವಿಷಯ, ಕುಂತು ಓದ್ರಿ: ಹಾಲಿನ ಪಾತ್ರೆಯ ಮುಚ್ಚಳ ಕಾಣೆಯಾಗಿದೆ. ತಾಟು ಮುಚ್ಚಿದ್ದೇನೆ, ಬೆಕ್ಕಿನ ಮೇಲೆ ಕಣ್ಣಿರಲಿ. ರೊಟ್ಟಿ ಬುಟ್ಟಿಯಲ್ಲಿವೆ, ಪಲ್ಯ ಬಿಸಿ ಮಾಡಿಕೊಳ್ಳಿ.

ಕೂಲಿಗೆ ಮೆಣಸಿನಕಾಯಿ ತೊಟ್ಟು ಬಿಡಿಸಿ ನನ್ನ ಕೈ ಉರಿಯುತ್ತದೆಂದು ಆರು ವರ್ಷ ದಿನಾ ಸಂಜೆ ನೀವೇ ನನಗೆ ಜಡೆ ಹಾಕಿದಿರಿ. ಓಣಿಯ ಹೆಂಗಸರು ‘ಹೆಂಡ್ತಿ ಗುಲಾಮ’ ಅಂತ ನಕ್ಕರೂ ಬಿಡಲಿಲ್ಲ. ಪ್ರೀತಿಯ ಮಾತನ್ನು ನೀವು ಆಡಲಿಲ್ಲ, ನನಗೂ ಬೇಕೆನಿಸಲಿಲ್ಲ.

ನಿನ್ನೆ ಅರ್ಧ ಜಡೆಗೇ ಕೈಬಿಟ್ಟು, ನನ್ನ ಫೋನು ನೋಡಿ, ‘ದಿನಾ ಫೋನ್ ಮಾಡಾಂವ ಯಾಂವ?’ ಅಂದ್ರಿ. ಕೆಲಸಕ್ಕೆ ಕರೆಯುವ ಸೋಮಪ್ಪಜ್ಜ, ಬಾಯಾಗ ಒಂದೂ ಹಲ್ಲಿಲ್ಲ. ಹೇಳಬಹುದಿತ್ತು, ನೀವು ಕೇಳಿದ ದನಿಗೆ ಎದ್ದು ಒಳಗೆ ಹೋದೆ. ಆರು ವರ್ಷ ತಲೆ ಬಾಚಿದವರಿಗೆ ನಾನು ಎಂಥವಳೆಂದು ತಿಳಿಯಲಿಲ್ಲವೇ?

ಉಳಿದ ಜಡೆಯನ್ನು ಉರಿಯುವ ಕೈಯಿಂದ ನಾನೇ ಹಾಕಿಕೊಂಡೆ. ಕುಪ್ಪೇಲೂರು ಬಸ್ಸಿಗೆ ತವರಿಗೆ ಹೋಗಿದ್ದೇನೆ.

— ಮೀನಾಕ್ಷಿ